ತೊಗರಿ ಸೀಸನ್ನು, ಮಗಳ ಕೆಮ್ಮು

ನಮ್ಮ ಮನೆಯ ಹಿಂಬಾಗಿಲ ಹೊರಗೆ ಗೋಡೆಗೆ ಒಂದು ಮೊಳೆ ಇದೆ. ಸಂಜೆ ಗಂಜಿನಿಂದ (ಕಾಳಿನ ಪೇಟೆಯಿಂದ) ಬಂದವನು ಬೈಕು ನಿಲ್ಲಿಸಿ, ಸುತ್ತು ಹಾಕಿಕೊಂಡು ಹಿಂದೆ ಹೋಗಬೇಕು. ಅಂಗಿ ಬಿಚ್ಚಿ ಆ ಮೊಳೆಗೆ ಹಾಕಬೇಕು. ಬಚ್ಚಲಿನಲ್ಲಿ ಕೈಕಾಲು ಮುಖ ತೊಳೆದುಕೊಂಡೇ ಒಳಗೆ ಕಾಲಿಡಬೇಕು. ಇದು ಮನೆಯ ಕಾಯಿದೆ. ಕಾಯಿದೆ ಮಾಡಿದವಳಿಗೆ ಈಗ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಪಕ್ಕದ ಮನೆಯವರು "ಏನ್ರೀ ಸಾವ್ಕಾರ್ರ, ಹೆಂಡ್ತಿ ಒಳಗ ಬಿಟ್ಕೊಳ್ಳಾಂಗಿಲ್ಲೇನು?" ಅಂತ ನಗುತ್ತಾರೆ. ನಾನೂ ನಗುತ್ತೇನೆ.

ಕಲಬುರಗಿಯ ನೆಹರೂ ಗಂಜಿನಲ್ಲಿ ನನ್ನದೊಂದು ಸಣ್ಣ ಅಡತಿ ಅಂಗಡಿ, ರೈತರ ಮಾಲು ಕಮಿಷನ್ ಮೇಲೆ ಮಾರಿಕೊಡುವುದು. ಜಾಸ್ತಿ ತೊಗರಿಯೇ. ಡಿಸೆಂಬರ್ ಬಂತೆಂದರೆ ಹಳ್ಳಿಗಳಿಂದ ಹೊಸ ಮಾಲು ಬರುತ್ತದೆ. ಫೆಬ್ರವರಿ ಮುಗಿಯುವ ತನಕ ಊಟಕ್ಕೂ ಪುರುಸೊತ್ತಿಲ್ಲ. ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದಾಗ ಮೊದಲು ಏಳುವುದು ಧೂಳು. ಹೊಟ್ಟು, ಮಣ್ಣು, ಒಣಗಿದ ಎಲೆಯ ಪುಡಿ, ಬಾರದಾನದ ನಾರು, ಎಲ್ಲಾ ಸೇರಿದ ಧೂಳು. ಬೆಳಗಿನ ಬಿಸಿಲು ಶೆಡ್ಡಿನೊಳಗೆ ಬಿದ್ದಾಗ ಹೊಗೆ ಎದ್ದ ಹಾಗೆ ಕಾಣುತ್ತದೆ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ನಾವು ಅಡತಿಯವರು ಸುತ್ತಿಕೊಳ್ಳುವುದಿಲ್ಲ. ರೇಟು ಮಾತಾಡಬೇಕಲ್ಲ!

ಹೋದ ಸೀಸನ್ನಿನ ಮಾತು ಇದು. 2024ರ ಡಿಸೆಂಬರಿನಲ್ಲಿ ಮಗಳಿಗೆ ನೆಗಡಿ ಬಂತು. ಸಾಲಿಯಲ್ಲಿ ಅರ್ಧ ಕ್ಲಾಸಿಗೆ ಬಂದಿತ್ತಂತೆ. ಜ್ವರ ಎರಡು ದಿನ, ಮೂಗು ಸೋರುವುದು ಒಂದು ವಾರ. ಅದೆಲ್ಲ ಹೋಯಿತು. ಕೆಮ್ಮು ಉಳಿಯಿತು. ಕಫವಿಲ್ಲ, ಏನಿಲ್ಲ, ಸುಮ್ನೆ ಒಣ ಕೆಮ್ಮು. ಡಿಸೆಂಬರ್ 30ಕ್ಕೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ನಮ್ಮ ಕಾಕಾನ ಹೊಲಕ್ಕೆ ಎಲ್ಲರೂ ಹೋಗಿದ್ದೆವು. ಬಜ್ಜಿ, ಸಜ್ಜಿ ರೊಟ್ಟಿ, ಕಡಬು ಎಲ್ಲಾ ಕಟ್ಟಿಕೊಂಡು. ಚರಗ (ಹೊಲಕ್ಕೆ ಎಡೆ) ಚೆಲ್ಲುವಾಗ ಇವಳು ಹುಡುಗರ ಹಿಂದೆ ಹೊಲದ ಸುತ್ತ ಓಡಿದಳು. ಅರ್ಧಕ್ಕೇ ನಿಂತು, ಮೊಣಕಾಲ ಮೇಲೆ ಕೈಯೂರಿ, ಕೆಮ್ಮಿದಳು ಕೆಮ್ಮಿದಳು. "ಹಸಿ ಕಡ್ಲಿ ತಿಂದಾಳ, ಅದಕ್ಕ" ಅಂದರು ನಮ್ಮ ಅವ್ವ. ನಾವೂ ಹೂಂ ಅಂದೆವು.

ಮುಂದಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ವೈದ್ಯರು. ಅವ್ವನದು ಮೊದಲ ಪಾಳಿ. ರಾತ್ರಿ ಅರಿಶಿನ ಹಾಲು, ಬೆಳಿಗ್ಗೆ ಶುಂಠಿ ರಸಕ್ಕೆ ಜೇನು, ಮಧ್ಯಾಹ್ನ ಕಲ್ಲುಸಕ್ಕರೆ ಜೊತೆ ಮೆಣಸಿನ ಕಾಳು. ಜೇನಿನಿಂದ ಗಂಟಲು ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು, ಅದನ್ನು ಮಗಳೂ ಒಪ್ಪುತ್ತಾಳೆ. (ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು. ಇದನ್ನು ಆಮೇಲೆ ಡಾಕ್ಟರು ಹೇಳಿದರು. ನಮ್ಮ ಕಡೆ ಹುಟ್ಟಿದ ದಿನವೇ ನೆಕ್ಕಿಸುವವರಿದ್ದಾರೆ.) ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಂಡದ ಮೇಲೆ ಲೋಬಾನ, ಅಜವಾನ ಹಾಕಿ, ಬಾಗಿಲು ಮುಚ್ಚಿ ಅವಳ ಕೋಣೆಗೆ ಹೊಗೆ ಕೊಟ್ಟರು. ಹುಡುಗಿ ಆ ರಾತ್ರಿ ಮಲಗಲೇ ಇಲ್ಲ. "ಕಫ ಒಡಿಲಕತ್ತದ, ಬರ್ಲಿ ಬಿಡು" ಅಂದರು ಅವ್ವ.

ಎರಡನೆಯ ಪಾಳಿ ನನ್ನದು. ನಾನು ಮಾಡಿದ್ದೇನು? ಅಂಗಡಿಯಿಂದ ಬರುವಾಗ ದಾರಿಯಲ್ಲಿನ ಮೆಡಿಕಲ್ಲಿನ ಮುಂದೆ ಬೈಕು ಇಳಿಯದೇ "ಕೆಮ್ಮಿಗೆ ಒಂದು ಬಾಟ್ಲಿ ಕೊಡ್ರಿ" ಅನ್ನುವುದು. ಮೊದಲ ಬಾಟಲಿ ಕಫ ಸಡಿಲ ಮಾಡಿ ಹೊರಗೆ ತರುವುದು. ಎರಡನೆಯದು ಕೆಮ್ಮನ್ನೇ ಅದುಮುವುದು, ಕುಡಿದರೆ ನಿದ್ದೆ ಬರುತ್ತಿತ್ತು. ಎರಡನ್ನೂ ಕೂಡಿಸಿ ಕೊಟ್ಟೆವು. ಒಂದು ಎತ್ತು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಆಮೇಲೆ ಐದು ದಿನದ ಆಂಟಿಬಯಾಟಿಕ್. ಅದೂ ಚೀಟಿ ಇಲ್ಲದೆ. ವಾರ ಬಿಟ್ಟು ಬೇರೆ ಕಂಪನಿಯದು ಇನ್ನೊಂದು ಕೋರ್ಸು. ಕೊಟ್ಟವನು ತಪ್ಪು, ಕೇಳಿದವನು ಅವನಿಗಿಂತ ದೊಡ್ಡ ತಪ್ಪು. ವೈರಸ್ಸಿನಿಂದ ಬಂದ ನೆಗಡಿ ಕೆಮ್ಮಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಆದರೆ ಔಷಧಿ ತಂದ ಅಪ್ಪನಿಗೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ನನ್ನ ತಲೆಯೂ ಆಗ ಬೇರೆ ಕಡೆ ಇತ್ತು. ತೊಗರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 7,550. ಗಂಜಿನಲ್ಲಿ ರೇಟು ಇಳಿಯುತ್ತಾ ಇತ್ತು. ರಾಜ್ಯ ಸರಕಾರ 450 ಸೇರಿಸಿ 8,000 ಕೊಡುತ್ತೇನೆ ಅಂದಾಗ ರೈತರು ಮಾಲು ತರಬೇಕೋ ತಡೆಯಬೇಕೋ ಅಂತ ದಿನಾ ಫೋನು. ಕೆಮ್ಮುವ ಸದ್ದು ಹಿಂದೆ, ರೇಟಿನ ಮಾತು ಮುಂದೆ. ಒಂದು ದಿನ ಆಳಂದ ಕಡೆಯ ರೈತನೊಬ್ಬ ಫೋನಿನಲ್ಲೇ ಕೇಳಿದ. "ಸಾವ್ಕಾರ್ರ, ಅದ್ಯಾರ್ರೀ ಹಂಗ ಕೆಮ್ಮಲಕತ್ತಾರ? ಹೋದ ವಾರನೂ ಕೇಳ್ದೆ." ಇಪ್ಪತ್ತು ಮೈಲಿ ಆಚೆ ಕೂತವನಿಗೆ ಕೇಳಿಸಿದ್ದು ನನಗೆ ಸದ್ದಾಗಿ ಮಾತ್ರ ಕೇಳಿಸುತ್ತಿತ್ತು.

ಆ ರಾತ್ರಿ ಮನೆಯವಳು, ನಿದ್ದೆ ಬಂದಿಲ್ಲ ಅಂತ ನನಗೂ ಗೊತ್ತು, ಕತ್ತಲಲ್ಲೇ ಹೇಳಿದಳು. "ನೋಡ್ರಿ, ಟಿಬಿ ಇರಬಹುದೇನು?"

ಆ ಶಬ್ದ ನಮ್ಮ ಮನೆಗೆ ಹೊಸದಲ್ಲ. ನಮ್ಮ ದೊಡ್ಡ ಕಾಕಾನಿಗೆ ಟಿಬಿ ಆಗಿತ್ತು. ನಾನು ಸಣ್ಣವನಿದ್ದಾಗ ಅವರ ತಟ್ಟೆ, ಲೋಟ ಬೇರೆ ಇಡುತ್ತಿದ್ದರು. ಅವರು ಔಷಧಿ ಪೂರ್ತಿ ತಗೊಂಡು ಆರಾಮಾದರು, ಆಮೇಲೂ ಇಪ್ಪತ್ತು ವರ್ಷ ಬದುಕಿದರು. ಆದರೆ ಆ ಲೋಟ ಮಾತ್ರ ಕೊನೆಯ ತನಕ ಬೇರೆಯೇ ಇತ್ತು. ಮನೆಯವಳಿಗೆ ರೋಗಕ್ಕಿಂತ ಜಾಸ್ತಿ ಆ ಲೋಟದ ಹೆದರಿಕೆ. ಹೆಣ್ಣು ಹುಡುಗಿ, ನಾಳೆ ಯಾರಾದರೂ ಮಾತಾಡಿದರೆ?

ಜಿಮ್ಸಿಗೆ, ನಮ್ಮೂರ ಸರಕಾರಿ ದವಾಖಾನೆಗೆ, ಹೋದೆವು. ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ನಾವು ಆರನೆಯ ವಾರದಲ್ಲಿದ್ದೆವು. ಯಾರಾದರೂ ಪರಿಚಯದವರು ಸಿಕ್ಕಾರು ಅಂತ ಮನೆಯವಳು ಸೆರಗು ಮುಖಕ್ಕೆ ಎಳೆದುಕೊಂಡಿದ್ದಳು. ಮಗಳು ಮಾತ್ರ ಆರಾಮಾಗಿ ಮೊಬೈಲು ನೋಡುತ್ತಾ ಕೂತಿದ್ದಳು. ಅಲ್ಲಿನವರು ಕೇಳಿದರು: ಸಂಜೆ ಜ್ವರ ಬರುತ್ತದಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತಾಳಾ, ಮನೆಯಲ್ಲಿ ಈಗ ಯಾರಿಗಾದರೂ ಇದೆಯಾ? ಯಾವುದೂ ಇಲ್ಲ. ಆದರೂ ಎದೆಯ ಎಕ್ಸ್‌ರೇ ತೆಗೆದರು, ಕಫ ಕೇಳಿದರು. ಇವಳಿಗೆ ಕಫವೇ ಇಲ್ಲ! ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಉಸಿರೆಳೆದು ಕೆಮ್ಮಿ, ಅಂತೂ ಡಬ್ಬಿಗೆ ಸ್ವಲ್ಪ ಬಂತು. ದುಡ್ಡು ಒಂದು ರೂಪಾಯಿ ತಗೊಳ್ಳಲಿಲ್ಲ. ಟಿಬಿ ಇಲ್ಲ ಅಂತ ಬಂತು. ಮನೆಯವಳು ದಾರಿಯಲ್ಲೇ ಆಟೋ ನಿಲ್ಲಿಸಿ, ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದಳು.

ಮಗಳು ಗುಡಿಯ ಮೆಟ್ಟಿಲ ಮೇಲೆ ಕೆಮ್ಮಿದಳು. ಅದು ಇಲ್ಲ ಅಂತಾಯಿತು. ಹಾಗಾದರೆ ಇದು ಏನು?

ಫೆಬ್ರವರಿ ಮೊದಲ ವಾರ ಎದೆಯ ಡಾಕ್ಟರೊಬ್ಬರ ಹತ್ತಿರ ಹೋದೆವು. ವಯಸ್ಸಾದವರು. ಮನೆಯವಳು ಬಾಟಲಿಗಳನ್ನೆಲ್ಲ ಚೀಲದಲ್ಲಿ ತಂದಿದ್ದಳು. ಟೇಬಲ್ಲಿನ ಮೇಲೆ ಒಂದೊಂದೇ ಸಾಲಾಗಿ ಇಟ್ಟಳು. ಐದು. ಅವರು ನಿದ್ದೆ ಬರುವ ಬಾಟಲಿ ತೆಗೆದು ಲೇಬಲ್ಲು ಓದಿದರು. "ಕೋಡೀನ್ ಅದ ಇದರಾಗ. ಹದಿನೆಂಟರ ಒಳಗಿನವರಿಗೆ ಇದನ್ನ ಕೊಡಬಾರದ್ರಿ, ಉಸಿರಾಟನೇ ನಿಧಾನ ಆಗ್ತದ" ಅಂತ ಹೇಳಿ ಪಕ್ಕದ ಕಸದ ಬುಟ್ಟಿಗೆ ಹಾಕಿದರು. ನಾನು ಹೇಳಲು ಶುರು ಮಾಡಿದೆ. "ಸರ್, ಒಂದೂವರೆ ತಿಂಗಳಾತು..." ಅವರು ಕೈ ತೋರಿಸಿ ನಿಲ್ಲಿಸಿದರು. ಕುರ್ಚಿ ತಿರುಗಿಸಿ ಮಗಳ ಕಡೆ ನೋಡಿದರು.

"ನೀ ಹೇಳವ್ವಾ. ಯಾವಾಗ ಬರ್ತದ ಕೆಮ್ಮು?"

ಆ ಪ್ರಶ್ನೆ ಕೇಳಿ ನಾನು ಮನಸ್ಸಿನಲ್ಲೇ ನಕ್ಕೆ. ಯಾವಾಗ ಅಂದರೆ? ಯಾವಾಗಲೂ ಬರುತ್ತದೆ!

ಅವಳು ಯೋಚನೆಯೇ ಮಾಡಲಿಲ್ಲ. "ರಾತ್ರಿ ಮೂರು ಗಂಟೆ ಸುಮಾರಿಗೆ ಎಚ್ಚರ ಆಗ್ತದ್ರಿ. ಆಮ್ಯಾಲೆ ಓಡಿದ್ರ. ಖೋಖೋ ಬಿಟ್ಟೀನ್ರಿ ಅದಕ್ಕೇ. ಭಾಳ ನಕ್ರ ಬರ್ತದ. ಮತ್ತ..." ನನ್ನ ಕಡೆ ನೋಡಿದಳು. "ಮತ್ತ ಸಂಜಿಗೆ, ಪಪ್ಪಾ ಅಂಗಡಿಯಿಂದ ಬಂದು ನನ್ನ ಮಂಚದ ಮ್ಯಾಲೆ ಕೂತಾಗ."

"ಹೋದ ವರ್ಷ ಬಂದಿತ್ತೇನು?"

"ಬಂದಿತ್ರಿ. ಅದರ ಹಿಂದಿನ ವರ್ಷನೂ. ಬ್ಯಾಸಿಗಿಗೆ ಹೋಗ್ತದ."

ಖೋಖೋ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. "ಯಾಕ ಹೇಳಲಿಲ್ಲ?" ಅಂದೆ. "ಯಾರು ಕೇಳೀರಿ? ಎಲ್ಲಾರೂ ಬಾಟ್ಲಿ ತರ್ಲಕತ್ತಿದ್ರಿ" ಅಂದಳು. ಡಾಕ್ಟರು ನಗು ತಡೆದುಕೊಂಡು ಏನೋ ಬರೆಯುತ್ತಿದ್ದರು.

ಆಮೇಲೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ. ಉಸಿರು ಪೂರ್ತಿ ಎಳೆದು, ಒಂದೇ ಸಲ ಜೋರಾಗಿ, ಖಾಲಿ ಆಗುವ ತನಕ ಊದಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು ಅನ್ನುವುದೇ ಮುಖ್ಯ ಲೆಕ್ಕ. ಆಮೇಲೆ ಪಂಪಿನಿಂದ ಔಷಧಿ ಎಳೆಸಿ, ಹದಿನೈದು ನಿಮಿಷ ಕೂಡಿಸಿ, ಮತ್ತೆ ಊದಿಸಿದರು. ಶೇಕಡಾ 12ಕ್ಕಿಂತ ಜಾಸ್ತಿ ಸುಧಾರಿಸಿದರೆ ಕೊಳವೆಗಳು ಬಿಗಿದುಕೊಂಡಿದ್ದವು, ಔಷಧಿಗೆ ಬಿಚ್ಚಿಕೊಂಡವು ಅಂತ ಅರ್ಥ. ಇವಳದು 16 ಬಂತು. ನಮ್ಮ ಖರೀದಿ ಕೇಂದ್ರದಲ್ಲೂ 12ರದ್ದೇ ಗೆರೆ. ತೊಗರಿಯ ತೇವಾಂಶ ಅದನ್ನು ದಾಟಿದರೆ ಮಾಲು ವಾಪಸ್. ನಲವತ್ತೈದು ವರ್ಷ ಆ ಅಂಕಿಗೆ ನನ್ನ ಜೀವನದಲ್ಲಿ ಒಂದೇ ಅರ್ಥ ಇತ್ತು.

"ದಮ್ಮು ಅದ ಇಕಿಗೆ. ಆಸ್ತಮಾ" ಅಂದರು.

ಮನೆಯವಳು ಒಪ್ಪಲಿಲ್ಲ. ದಮ್ಮು ಅಂದರೆ ಉಸಿರು ಸಿಗದೆ ಸುಯ್ ಸುಯ್ ಅನ್ನುವುದಲ್ಲವಾ? ಇವಳಿಗೆ ಅದೇನೂ ಇಲ್ಲ. ಅವರು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ಶ್ವಾಸದ ಕೊಳವೆಯ ಒಳಗೋಡೆ ಬಾತಿರುತ್ತದೆ, ಸುತ್ತಲಿನ ಸ್ನಾಯು ಸ್ವಲ್ಪದಕ್ಕೇ ಬಿಗಿಯುತ್ತದೆ. ಕೆಲವರಲ್ಲಿ ಅದು ಸುಯ್ ಅನ್ನುವುದೇ ಇಲ್ಲ, ಕೆಮ್ಮಾಗಿ ಮಾತ್ರ ಹೊರಗೆ ಬರುತ್ತದೆ. ನೆಗಡಿ ಆದಮೇಲೆ ಕೆಮ್ಮು ಮೂರು ನಾಲ್ಕು ವಾರ ಉಳಿಯುವುದು ದೊಡ್ಡ ಮಾತಲ್ಲ, ಎಷ್ಟೋ ಮಕ್ಕಳಿಗೆ ಅದರಷ್ಟಕ್ಕೆ ಅದು ಹೋಗುತ್ತದೆ. ಆದರೆ ನಾಲ್ಕು ವಾರ ದಾಟಿತು, ರಾತ್ರಿ ಎಬ್ಬಿಸುತ್ತದೆ, ಓಡಿದರೆ ಬರುತ್ತದೆ, ವರ್ಷಾ ವರ್ಷಾ ಅದೇ ಕಾಲಕ್ಕೆ ಬರುತ್ತದೆ ಅಂದರೆ ನೋಡಲೇಬೇಕು ಅಂದರು. ಮನೆತನದಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದರು. ಅವ್ವನ ಅಣ್ಣನಿಗೆ ದಮ್ಮಿತ್ತು. ಮಾತಾಡದೆ ತಲೆ ಆಡಿಸಿದೆ.

ನನ್ನ ಅಂಗಿಯ ಧೂಳಿನಿಂದಲೇ ಇದು ಬಂತಾ ಅಂತ ಕೇಳಿದೆ. ಕೇಳುವಾಗ ದನಿ ಸಣ್ಣಗಾಗಿತ್ತು. ಹಾಗಲ್ಲ, ಸ್ವಭಾವ ಅವಳ ಕೊಳವೆಯದು, ಈ ಸಲ ಶುರು ಮಾಡಿದ್ದು ನೆಗಡಿ, ಕೆರಳಿಸುತ್ತಾ ಇಟ್ಟದ್ದು ಧೂಳು, ಹೊಗೆ, ಸೊಳ್ಳೆ ಬತ್ತಿ ಅಂದರು. ಲೋಬಾನದ ಮಾತು ಮನೆಯವಳು ಹೇಳಿದಳು. ಅದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಕಪಾಟು ತೆಗೆದದ್ದು. ಮನೆ ಖರ್ಚನ್ನೂ ನಾನು ಕೆಂಪು ಪುಸ್ತಕದಲ್ಲಿ ಬರೆದಿಡುತ್ತೇನೆ, ಅಪ್ಪನಿಂದ ಬಂದ ಚಟ. 2024ರ ಜನವರಿ: ಮೆಡಿಕಲ್ 310, ಮೆಡಿಕಲ್ 185, ಮೆಡಿಕಲ್ 420. ಮಾರ್ಚಿನಿಂದ ಆಚೆ ಏನಿಲ್ಲ. 2023ರ ಜನವರಿ: ಮೆಡಿಕಲ್ 260, ಕೆಮ್ಮಿನ ಔಷಧಿ 95. ಆ ಪುಟದ ಎದುರು ಪುಟದಲ್ಲೇ ತೊಗರಿ ಚೀಲದ ಲೆಕ್ಕ ಇದೆ. ಎರಡೂ ನನ್ನ ಅಕ್ಷರವೇ. ಮೂರು ವರ್ಷ ಎಡ ಪುಟದಲ್ಲಿ ತೊಗರಿ, ಬಲ ಪುಟದಲ್ಲಿ ಕೆಮ್ಮು. ಯಾವ ತಿಂಗಳು ಯಾವ ಹಳ್ಳಿಯ ಮಾಲು ಬರುತ್ತದೆ ಅಂತ ಕಣ್ಣುಮುಚ್ಚಿ ಹೇಳುವ ಮನುಷ್ಯ ನಾನು.

ಪಂಪಿನ ಜಗಳ ಅದೇ ಸಂಜೆ ಶುರುವಾಯಿತು. ನಮ್ಮ ಕಡೆ ಇನ್‌ಹೇಲರ್ ಅಂತ ಯಾರೂ ಅನ್ನುವುದಿಲ್ಲ, ಪಂಪು. "ಪಂಪು ಒಮ್ಮೆ ಹಚ್ಚಿದ್ರ ಸಾಯೋತನ ಬಿಡಾಂಗಿಲ್ಲ" ಅಂದರು ಅವ್ವ. "ಹೆಣ್ಣು ಹುಡ್ಗಿ ಬಾಯಾಗ ಪಂಪು ಇಟ್ಕೊಂಡು ಕುಂತ್ರ ಯಾರ್ ಬರ್ತಾರ ನೋಡ್ಲಕ್ಕ?" ಅವ್ವನ ಹತ್ತಿರ ಬೇರೆ ದಾರಿಯೂ ಇತ್ತು. ಮಿರಗಕ್ಕೆ, ಅಂದರೆ ಮೃಗಶಿರ ಮಳೆಯ ಹೊತ್ತಿಗೆ, ಹೈದರಾಬಾದಿಗೆ ಕರಕೊಂಡು ಹೋಗುವುದು. ಜೂನಿನಲ್ಲಿ ನಾಂಪಲ್ಲಿಯ ಮೈದಾನದಲ್ಲಿ ದಮ್ಮಿಗೆ ಮೀನಿನ ಔಷಧಿ ಕೊಡುತ್ತಾರಲ್ಲ, ನಮ್ಮ ಊರಿನಿಂದ ರೈಲು ಹತ್ತಿ ಹೋಗುವವರು ಬಹಳ. ಮೀನು ತಿನ್ನದವರಿಗೆ ಬೆಲ್ಲದಲ್ಲಿಟ್ಟು ಕೊಡುತ್ತಾರೆ. ಅವ್ವನ ಅಣ್ಣ ಮೂರು ವರ್ಷ ಸಾಲಾಗಿ ಹೋಗಿಬಂದಿದ್ದರು. ಮೂರು ವರ್ಷದ ಮೇಲೂ ರಾತ್ರಿ ಎದ್ದು ಕೂತೇ ಮಲಗುತ್ತಿದ್ದರು, ಅದನ್ನೂ ಅವ್ವನೇ ಹೇಳಿದ್ದು. "ಜೂನ್ ತನಾ ನಾ ಕೆಮ್ಮಲೇನು ಆಯಿ?" ಅಂದಳು ಮಗಳು.

ಪಂಪಿನ ಔಷಧಿ ಸ್ಟಿರಾಯ್ಡ್ ಅಂದಾಗ ನನಗೂ ಅಳುಕಿತ್ತು. ಡಾಕ್ಟರು ನನಗೆ ತಿಳಿಯುವ ತಕ್ಕಡಿಯಲ್ಲಿ ತೂಗಿ ಹೇಳಿದ್ದರು. ನುಂಗುವ ಮಾತ್ರೆಯದು ಮಿಲಿಗ್ರಾಂ ಲೆಕ್ಕ, ಎಳೆದುಕೊಳ್ಳುವುದು ಮೈಕ್ರೋಗ್ರಾಂ ಲೆಕ್ಕ. ಸಾವಿರ ಮೈಕ್ರೋಗ್ರಾಂ ಕೂಡಿದರೆ ಒಂದು ಮಿಲಿಗ್ರಾಂ. ಇವಳಿಗೆ ಒಂದು ಹೊತ್ತಿಗೆ 200 ಮೈಕ್ರೋಗ್ರಾಂ. ಅದು ನೇರ ಕೊಳವೆಗೆ ಹೋಗುತ್ತದೆ, ಮೈಯೆಲ್ಲ ಸುತ್ತುವುದು ಸ್ವಲ್ಪವೇ. ಬಾಯಲ್ಲಿ ಉಳಿದದ್ದು ಹುಣ್ಣು ಮಾಡಬಾರದು ಅಂತ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಒಂದು ಪಂಪು ದಿನಾ ಎರಡು ಹೊತ್ತು, ಕೆಮ್ಮಿರಲಿ ಇಲ್ಲದಿರಲಿ. ಇನ್ನೊಂದು ಪಂಪು, ನೀಲಿಯದು, ತೊಂದರೆ ಬಂದಾಗ ಮಾತ್ರ. ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಬುರುಡೆ ಒಂದು, ಸ್ಪೇಸರ್. ಅದಿಲ್ಲದೆ ಹೊಡೆದರೆ ಅರ್ಧಕ್ಕರ್ಧ ಔಷಧಿ ಗಂಟಲಿಗೇ ಬಡಿದು ನಿಲ್ಲುತ್ತದೆ.

ಮೊದಲ ವಾರ ಏನೂ ಆಗಲಿಲ್ಲ. ಅವ್ವನ ಮುಖದಲ್ಲಿ "ನಾ ಹೇಳಿದ್ನಿಲ್ಲ" ಅನ್ನುವುದು ಎದ್ದು ಕಾಣುತ್ತಿತ್ತು. ಹತ್ತನೆಯದೋ ಹನ್ನೊಂದನೆಯದೋ ರಾತ್ರಿ ಮೂರಕ್ಕೆ ನನಗೇ ಎಚ್ಚರವಾಯಿತು. ಮನೆ ಸುಮ್ಮನಿತ್ತು. ಏನಾಯಿತೋ ಅಂತ ಗಾಬರಿಯಲ್ಲಿ ಅವಳ ಕೋಣೆಗೆ ಹೋದೆ. ಬಾಯಿ ತೆರೆದುಕೊಂಡು ಮಲಗಿದ್ದಳು. ಹಿಂದೆಯೇ ಅವ್ವ ಬಂದು ನಿಂತಿದ್ದರು. ಅವರಿಗೂ ಎಚ್ಚರ ಆಗಿತ್ತು.

ಆಮೇಲೆ ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೆಮ್ಮು ಕಡಿಮೆಯಾದ ತಿಂಗಳಿಗೇ ಅವಳು ಪಂಪು ಮರೆಯಲು ಶುರು ಮಾಡಿದಳು. ಸ್ಪೇಸರ್ ಸಾಲಿಗೆ ಒಯ್ಯಲು ನಾಚಿಕೆ. ನೀಲಿ ಪಂಪು ಕಂಪಾಸ್ ಬಾಕ್ಸಿನಲ್ಲಿ, ಎಳೆದುಕೊಳ್ಳುವುದು ಬಾತ್‌ರೂಮಿನಲ್ಲಿ. ಮಳೆಗಾಲದ ನೆಗಡಿಗೆ ಮತ್ತೆ ನಾಲ್ಕು ದಿನ ಕೆಮ್ಮಿದಳು. ಈಗ ಹಲ್ಲುಜ್ಜುವ ಬ್ರಶ್ಶಿನ ಡಬ್ಬಿಯಲ್ಲೇ ಪಂಪು ಇಟ್ಟಿದ್ದೇವೆ. ಔಷಧಿ ಎಳೆದು, ಹಲ್ಲುಜ್ಜಿ, ಮುಕ್ಕಳಿಸುವುದು. ಈ ಉಪಾಯ ಅವಳದೇ. ಸೊಳ್ಳೆ ಬತ್ತಿ ಹೋಗಿ ಪರದೆ ಬಂತು. ಲೋಬಾನ ಅಂಗಳಕ್ಕೆ ಹೋಯಿತು, ಅವ್ವ ಅದನ್ನು ಇನ್ನೂ ಕ್ಷಮಿಸಿಲ್ಲ. ಖೋಖೋ ಮತ್ತೆ ಆಡುತ್ತಾಳೆ, ಆಡುವ ಮೊದಲು ನೀಲಿಯದು ಎರಡು ಸಲ.

2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಸಣ್ಣ ಮಕ್ಕಳು ಕಿಡ್ನಿ ಕೆಟ್ಟು ಸತ್ತ ಸುದ್ದಿ ಬಂತು. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಇತ್ತಂತೆ, ಕಾರ್ಖಾನೆಗಳಲ್ಲಿ ಬಳಸುವ ವಿಷ. ಟಿವಿಯಲ್ಲಿ ಆ ಬಾಟಲಿ ತೋರಿಸಿದಾಗ ಮನೆಯವಳು ಎದ್ದು ಹೋಗಿ ಅಡುಗೆಮನೆಯ ಕಪಾಟು ಹುಡುಕಿದಳು. ಹಿಂದೆ ಎಲ್ಲೋ ಅಂಟಂಟಾದ ಅರ್ಧ ಬಾಟಲಿ ಉಳಿದಿತ್ತು. ಬೇರೆ ಕಂಪನಿಯದೇ. ಆದರೂ ತೆಗೆದು ಎಸೆದಳು.

ಇದನ್ನು ಬರೆಯುವಾಗ 2025ರ ನವೆಂಬರ್. 2025-26ಕ್ಕೆ ಬೆಂಬಲ ಬೆಲೆ 8,000. ಇನ್ನೇನು ಹೊಸ ತೊಗರಿ ಬರುತ್ತದೆ. ಪಂಪು ಈ ಮೂರು ತಿಂಗಳು ತಪ್ಪಿಸಬಾರದು ಅಂತ ಡಾಕ್ಟರು ಚೀಟಿಯ ಮೇಲೆ ಎರಡು ಗೆರೆ ಎಳೆದು ಕೊಟ್ಟಿದ್ದಾರೆ. ಅಂಗಡಿಯಲ್ಲಿ ನಾನೂ ಟವೆಲ್ ಸುತ್ತಿಕೊಳ್ಳುತ್ತೇನೆ. ಹಮಾಲರು ಮೊದಲ ದಿನ ನಕ್ಕರು.

ಮೊನ್ನೆ ಜೇವರ್ಗಿ ಕಡೆಯಿಂದ ಬೇಗ ಕೊಯ್ದ ತೊಗರಿಯ ಸ್ಯಾಂಪಲ್ ತಂದಿದ್ದರು. ಅಭ್ಯಾಸದಂತೆ ಒಂದು ಹಿಡಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದೆ. ಹಿಂಬಾಗಿಲಿಗೆ ಬಂದೆ. ಅಂಗಿ ಮೊಳೆಗೆ ಹಾಕಿದೆ. ಕೈಕಾಲು ತೊಳೆದೆ. ಹೊಸ್ತಿಲು ದಾಟಬೇಕು ಅನ್ನುವಷ್ಟರಲ್ಲಿ ಮಗಳು ಪುಸ್ತಕದಿಂದ ತಲೆ ಎತ್ತದೆ ಅಂದಳು.

"ಪಪ್ಪಾ, ಜೇಬು."